ಹೆಬ್ಬೆರಳಿಗೆ ರಜೆ

ಜೂನ್ 8

ಮದುವೆಯ ಅರಿಶಿನ ಇನ್ನೂ ಉಗುರಿನಿಂದ ಹೋಗಿಲ್ಲ, ಆಗಲೇ ಜಗತ್ತಿನ ಅತ್ಯಂತ ಸುಖಿ ಹೆಂಡತಿ ನಾನೇ ಎಂದು ತೀರ್ಪು ಕೊಟ್ಟುಬಿಟ್ಟಿದ್ದೇನೆ. ಸ್ಪರ್ಧೆಗೆ ಬೇರೆ ಯಾರನ್ನೂ ಕರೆದಿಲ್ಲ.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣವಿದೆ. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದುವವರು ಒಬ್ಬರೂ ಇಲ್ಲ. ವೇಣು ಓದಿದ್ದು ತಮಿಳು. ಇಂಗ್ಲಿಷಿನಲ್ಲಿ ಬರೆದರೆ ಅಕ್ಷರ ಕೂಡಿಸಿ ಕೂಡಿಸಿ ಹೇಗೋ ಅರ್ಥ ಮಾಡಿಕೊಂಡುಬಿಡುತ್ತಾನೆ. ನಾನು ಇಂಗ್ಲಿಷ್ ಮೀಡಿಯಂನಲ್ಲಿ ಕೆಟ್ಟುಹೋಗುತ್ತಿದ್ದೇನೆಂದು ತವರೂರು ಕಡಯಂಪಟ್ಟಿಯ ಅಜ್ಜಿ ಬೈದು ಬೈದು ಕಲಿಸಿದ ಕನ್ನಡ ಕೊನೆಗೂ ಉಪಯೋಗಕ್ಕೆ ಬಂತು: ಗಂಡನನ್ನು ಹೊಗಳಲು, ಗಂಡನಿಗೆ ಗೊತ್ತಾಗದಂತೆ.

ವೇಣು ಹೊಗೆನಕಲ್ ಜಲಪಾತದ ಹತ್ತಿರ ಬಂಡೆಯ ಮೇಲೆ ಪ್ರವಾಸಿಗರಿಗೆ ಎಣ್ಣೆ ಮಸಾಜ್ ಮಾಡುತ್ತಾನೆ. ಮಾವನದೂ ಅದೇ ಕೆಲಸವಾಗಿತ್ತು. ಸೇಲಂ ಕಾಲೇಜಿನ ಗೆಳತಿಯರು “ಮಸಾಜ್ ಮಾಡುವವನಾ?” ಎಂದು ರಾಗ ಎಳೆದಾಗ ನಾನು, “ಹೌದು ಕಣ್ರೇ, ನನಗೆ ಜೀವನಪೂರ್ತಿ ಫ್ರೀ ಸ್ಪಾ!” ಎಂದಿದ್ದೆ. ಸುಳ್ಳಲ್ಲ. ದಿನಾ ಸಾಯಂಕಾಲ ಅವನು ಕೆಲಸದಿಂದ ಬಂದು ಮುಖ ತೊಳೆದ ಕೂಡಲೇ ನಾನು ಮಹಾರಾಣಿಯಂತೆ ಕಾಲು ಚಾಚುತ್ತೇನೆ. ಹೆಬ್ಬೆರಳು ಊರಿ ಪಾದದ ಅಡಿಯಿಂದ ಹಿಮ್ಮಡಿಯವರೆಗೆ ಎಳೆಯುತ್ತಾನೆ ನೋಡಿ, ನನ್ನ ಆತ್ಮ ಕಿವಿಯಿಂದ ಹೊರಗೆ ಬಂದು ಒಂದು ಸುತ್ತು ಹಾಕಿ ಒಳಗೆ ಹೋಗುತ್ತದೆ. ನಿನ್ನೆ ಎಣ್ಣೆ ಹಚ್ಚಿದ ನನ್ನ ಪಾದಗಳ ಫೋಟೋವನ್ನು ಸ್ಟೇಟಸ್‌ಗೆ ಹಾಕಿದೆ. ಅದರಲ್ಲಿ ನನ್ನ ಹಿಮ್ಮಡಿಯ ಬಿರುಕು ಎಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು ಎಂದು ಅಮ್ಮ ಫೋನ್ ಮಾಡಿ ಹೇಳಿದಳು.

ಇನ್ನೊಂದನ್ನು ಬರೆಯದಿದ್ದರೆ ಎದೆ ಒಡೆದುಹೋಗುತ್ತದೆ. ತಾಳಿ ಕಟ್ಟುವಾಗ ವೇಣುವಿನ ಕೈ ನಡುಗಿತು. ಮೊದಲ ಗಂಟು ಗಂಡನದು, ಉಳಿದದ್ದು ಅವನ ಅಕ್ಕನದು ಎಂಬುದು ಪದ್ಧತಿ. ಅವನು ಹಾಕಿದ ಗಂಟು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಕೊನೆಗೆ ಅವನ ಅಕ್ಕ ತಂಗಮ್ಮನೇ ಎಲ್ಲ ಗಂಟನ್ನೂ ಬಿಗಿದಳು. ಜನ ನಕ್ಕರು. ನಾನು ಮಾತ್ರ ಕಣ್ಣು ಮುಚ್ಚಿಕೊಂಡೆ. ನನ್ನನ್ನು ಮುಟ್ಟಿದ್ದಕ್ಕೇ ನಡುಗುವ ಕೈ! ಇಂಥ ಪ್ರೀತಿ ಯಾರಿಗೆ ಸಿಗುತ್ತದೆ?

ಜೂನ್ 17

ಅತ್ತೆ ಮಂಗಮ್ಮ ಇವತ್ತು ನನ್ನನ್ನು ಅಡುಗೆಮನೆಗೆ ಕರೆದು ಗುಟ್ಟಾಗಿ ಬೈದರು. “ಗಂಡನ್ನ ಇಡೀ ಬೀದಿಗ್ ಕೇಳಂಗೆ ವೇಣೂ ವೇಣೂ ಅಂತೀಯಲ್ಲಮ್ಮಾ. ಪಕ್ಕದ್ಮನೆ ನಾಯೀನೂ ಆ ಎಸ್ರಿಗೆ ತಿರುಗಿ ನೋಡ್ತೈತೆ.” ಇನ್ನು ಮೇಲೆ ‘ರೀ’ ಎನ್ನುವುದೆಂದು ಒಪ್ಪಂದವಾಯಿತು. ಸಾಯಂಕಾಲ ಮರೆತು “ರೀ ವೇಣೂ!” ಎಂದು ಕೂಗಿದೆ. ನಾಯಿ ಬಂತು.

ಮಾವ ಮಾರಿಯಪ್ಪನವರನ್ನು ಕಂಡರೆ ನನಗೆ ಮುದ್ದು. ಚಹಾದ ಲೋಟವನ್ನು ಎರಡೂ ಅಂಗೈ ನಡುವೆ ಇಟ್ಟುಕೊಂಡು, ದೇವರಿಗೆ ಕೈ ಮುಗಿದ ಹಾಗೆ ಕುಡಿಯುತ್ತಾರೆ. ಹೆಬ್ಬೆರಳು ಎರಡೂ ಹೊರಕ್ಕೆ ಸೊಟ್ಟ. “ನನ್ ಎಬ್ಬೆಟ್ಟು ಇಟ್ರೆ ಇನ್ಸ್‌ಪೆಕ್ಟ್ರೂ ‘ಅಮ್ಮಾ’ ಅಂತಿದ್ದ ಕಣಮ್ಮ. ಕಸುಬೆಲ್ಲಾ ಎಬ್ಬೆಟ್ಟಲ್ಲೇ ಐತೆ. ವೇಣೂಗೂ ಅದನ್ನೇ ಕಲ್ಸಿದೀನಿ.” ಅವರು ಎಷ್ಟು ಭಕ್ತಿಯಿಂದ ಚಹಾ ಕುಡಿಯುತ್ತಾರೆಂದು ಗೆಳತಿಯರಿಗೆ ವಾಯ್ಸ್ ಮೆಸೇಜ್ ಕಳಿಸಿದೆ.

ಜೂನ್ 26

ಪ್ರೀತಿ ಮುಗಿಯಿತು. ಒಂದು ತಿಂಗಳಿಗೇ.

ತೂಗುಸೇತುವೆಯ ಮೇಲೆ ನಾನೇ ನಾಚಿಕೆ ಬಿಟ್ಟು ಕೈ ಚಾಚಿದೆ. ಸುತ್ತ ಹತ್ತಾರು ಜೋಡಿಗಳು ಅಂಟು ಹಚ್ಚಿದ ಹಾಗೆ ಕೈ ಹಿಡಿದು ಓಡಾಡುತ್ತಿದ್ದರು. ವೇಣು ನನ್ನ ಕೈ ನೋಡಿದ, ನೀರು ನೋಡಿದ, ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿಬಿಟ್ಟ. ಪೇಟೆಯಲ್ಲಿ ತರಕಾರಿ ಚೀಲವನ್ನು ಕೈಯಲ್ಲಿ ಹಿಡಿಯದೆ ಹೆಂಗಸರ ವ್ಯಾನಿಟಿ ಬ್ಯಾಗಿನಂತೆ ಮೊಣಕೈಗೆ ನೇತುಹಾಕಿಕೊಂಡ. ಮೀನು ಫ್ರೈ ಅಂಗಡಿಯಲ್ಲಿ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದುಕೊಡು ಎಂದರೆ, “ನೀನೇ ತೆಗಿ, ನಿಂಗೆ ಬರ್ತೈತೆ” ಎಂದ. ಬೇರೆ ಯಾರಿಗೋ ಮನಸ್ಸು ಕೊಟ್ಟವನು ಹೀಗೆಯೇ ಅಲ್ಲವೇ ಮಾತಾಡುವುದು? ಬಾಟಲಿ ನಾನೇ ತೆಗೆದೆ. ದುಃಖದಲ್ಲಿ ಎರಡು ಪ್ಲೇಟ್ ಮೀನು ಫ್ರೈ ತಿಂದೆ.

ಮನೆಗೆ ಬಂದು ಅಗ್ನಿಪರೀಕ್ಷೆ ಇಟ್ಟೆ. “ಕಾಲು ತುಂಬಾ ನೋಯ್ತಿದೆ” ಎಂದೆ. ನೋಯುತ್ತಿರಲಿಲ್ಲ. ಅವನು ಎಣ್ಣೆ ಬಿಸಿ ಮಾಡಿ ತಂದು, ನಾನು ಸಾಕು ಎನ್ನುವವರೆಗೂ ಒತ್ತಿದ. ನಾನು ಬೇಗ ಸಾಕು ಎನ್ನಲಿಲ್ಲ. ಪಾಸಾದ! ಹಾಗಾದರೆ ಪ್ರೀತಿ ಇದೆ.

ಜುಲೈ 3

ಬೆಳಿಗ್ಗೆ ಅಡುಗೆಮನೆಯಲ್ಲಿ ಅತ್ತೆ ವೇಣುವಿನ ಶರ್ಟಿನ ಗುಂಡಿ ಹಾಕುತ್ತಿದ್ದುದನ್ನು ನೋಡಿದೆ. ಮೀಸೆ ಬಂದ ಮಗನಿಗೆ, ಹೆಂಡತಿ ಪಕ್ಕದ ಕೋಣೆಯಲ್ಲಿರುವಾಗ!

ನಾನು ಮಾಡಿದ ಗಲಾಟೆಯನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. “ಅಮ್ಮನ ಕೈಯಲ್ಲಿ ಗುಂಡಿ ಹಾಕಿಸ್ಕೊಳ್ಳೋನು ಮದುವೆ ಯಾಕಾದೆ? ಹಾಲಿನ ಬಾಟಲಿನೂ ಕೊಡಿಸ್ಕೋ!” ಎಂದೆ. ಅತ್ತೆ ಏನೋ ಹೇಳಲು ಹೊರಟರು. ವೇಣು, “ಸುಮ್ಮಾ ಇರಮ್ಮ ನೀನು” ಎಂದು ಅವರನ್ನು ತಡೆದು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಬಲಗೈ ಚಾಚಿದ. ಹೆಬ್ಬೆರಳಿನ ಬುಡ ನೆಲ್ಲಿಕಾಯಿಯಂತೆ ಊದಿತ್ತು.

“ಬೆಳಗೆದ್ರೆ ಇದು ನಂದೇ ಅಲ್ಲ ಅನ್ನಂಗೆ ಇರ್ತೈತೆ. ಗುಂಡಿ ಇಡ್ಯಾಕಾಗಲ್ಲ. ಲೋಟ ಜಾರ್ತೈತೆ. ಬಿಸ್ಲೇರಿದ್ಮೇಲೆ ಸ್ವಲ್ಪ ಸರಿ ಓಗ್ತೈತೆ.”

“ಯಾವಾಗಿಂದ?”

“ಮದ್ವೇಗ್ ಮುಂಚಿಂದ.”

“ಯಾಕೆ ಹೇಳ್ಲಿಲ್ಲ?”

ಅವನು ಒಳಗೆ ನೋಡಿದ. ಜಗಲಿಯ ಮೇಲೆ ಮಾವ ಎರಡು ಅಂಗೈಯಿಂದ ಲೋಟ ಎತ್ತುತ್ತಿದ್ದರು. “ಅಪ್ಪಂದೂ ಇಂಗೇ ಶುರುವಾಗಿದ್ದು,” ಎಂದ.

ತಾಳಿ ಕಟ್ಟುವಾಗ ನಡುಗಿದ ಕೈ.

ಜುಲೈ 5

ಪೆನ್ನಾಗರಂನಲ್ಲಿ ಡಾಕ್ಟರಮ್ಮ ಹೆಬ್ಬೆರಳನ್ನು ಮಡಿಸಿ, ಎಳೆದು ನೋಡಿದರು. ಕೀಲು ಸವೆಯಲು ಶುರುವಾಗಿದೆ, ಇನ್ನೂ ಪೂರ್ತಿ ಕೆಟ್ಟಿಲ್ಲ. ಈಗ ವಿಶ್ರಾಂತಿ ಕೊಟ್ಟು, ಒತ್ತುವ ರೀತಿ ಬದಲಿಸಿದರೆ ಉಳಿಯುತ್ತದೆ, ಹೀಗೇ ಮುಂದುವರಿದರೆ ನಾವು ಹೇಳಿದ ಅಪ್ಪನ ಕೈಯ ಹಾಗೆಯೇ ಆಗುತ್ತದೆ ಎಂದರು. ಹೆಬ್ಬೆರಳಿಗೆ ಕಟ್ಟಿಕೊಳ್ಳಲು ಒಂದು ಪಟ್ಟಿ ಕೊಟ್ಟರು.

“ಹಗಲೆಲ್ಲಾ ಕೆಲಸ ಮಾಡ್ತೀಯ, ಸರಿ. ಸಾಯಂಕಾಲವಾದರೂ ಕೈಗೆ ರೆಸ್ಟ್ ಕೊಡ್ತೀಯಾ?” ಎಂದು ಕೇಳಿದರು.

“ಕೊಡ್ತೀನಿ ಮೇಡಂ,” ಎಂದ ವೇಣು. ನನ್ನ ಕಡೆ ನೋಡಲೇ ಇಲ್ಲ.

ಜುಲೈ 6

ಬರೆಯಲು ಏನೂ ಇಲ್ಲ.

ಸ್ಟೇಟಸ್‌ಗೆ ಹಾಕಿದ್ದ ಪಾದಗಳ ಫೋಟೋ ಯಾವತ್ತೋ ಹೋಗಿದೆ. ಆದರೂ ತೆಗೆಯೋಣವೆಂದು ಹುಡುಕಿದೆ.

ಜುಲೈ 9

ಸಿಕ್ಕಿತು! ಎರಡು ದಿನ ಫೋನಿನ ಒಳಗೇ ವಾಸ ಮಾಡಿ ಹುಡುಕಿದೆ. ತೈ ಚಿ! ಚೀನಾದ ನಿಧಾನದ ಕಸರತ್ತು. ಮಸಾಜ್ ಮಾಡುವವರು ತಮ್ಮ ಮೈಯನ್ನು ತಾವೇ ಕಾಪಾಡಿಕೊಳ್ಳುವುದಕ್ಕೆಂದೇ ಅದರಿಂದ ಒಂದು ತರಬೇತಿ ಮಾಡಿದ್ದಾರೆ. ಬೆಳ್ಳಿಕೂದಲಿನ ಒಬ್ಬ ಟೀಚರ್ ವಿಡಿಯೋದಲ್ಲಿ ಇಂಗ್ಲಿಷಿನಲ್ಲಿ ಕಲಿಸುತ್ತಾರೆ. ಮಂಡಿ ಸಡಿಲ, ಭುಜ ಕೆಳಗೆ, ಮೊಣಕೈ ಭಾರ. ಒತ್ತುವುದು ಬೆರಳಲ್ಲ, ನೆಲದಲ್ಲಿರುವ ಪಾದ. ಮೈಯ ಭಾರ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹೋಗುತ್ತದೆ, ಕೈ ಅದನ್ನು ದಾಟಿಸುತ್ತದೆ ಅಷ್ಟೇ. ಹೆಬ್ಬೆರಳಿನ ಬದಲು ಮುಂಗೈ, ಮೊಣಕೈ, ಅಂಗೈಯ ಬುಡ.

ಮೊದಲು ನಾನು ಕಲಿತು ಆಮೇಲೆ ವೇಣುವಿಗೆ ಕಲಿಸುವುದೆಂದು ಬೆಳಿಗ್ಗೆ ತಾರಸಿಗೆ ಹೋದೆ. ನೀರಿನ ಟ್ಯಾಂಕಿಗೆ ಫೋನ್ ಒರಗಿಸಿದೆ. ಮೊದಲ ಪಾಠ ‘ಮೋಡದ ಕೈ’. ಒಂದು ಕೈ ಮುಖದ ಮುಂದೆ, ಒಂದು ಹೊಟ್ಟೆಯ ಮುಂದೆ, ನಿಧಾನವಾಗಿ ಅತ್ತ ಇತ್ತ ತೇಲಬೇಕು. ಕೂದಲು ಬಿಚ್ಚಿತ್ತು, ಕಟ್ಟಿಕೊಳ್ಳಲು ಮರೆತಿದ್ದೆ. ಇದು ಮುಖ್ಯ.

ಪಕ್ಕದ ಮನೆಯ ಮುನಿಲಕ್ಷ್ಮಿಯಕ್ಕ ಬಟ್ಟೆ ಒಣಹಾಕಲು ಅವರ ತಾರಸಿಗೆ ಬಂದಿದ್ದರು. ಬಕೆಟ್ ಬಿದ್ದ ಸದ್ದಾಯಿತು. “ಮಂಗಮ್ಮಕ್ಕಾ, ಓಡ್ಬಾ! ನಿನ್ ಸೊಸೆ ಮೈಮೇಲೆ ಸಾಮಿ ಬಂದೈತೆ!”

ಉಸಿರಿನ ಲಯ ತಪ್ಪಿಸಬಾರದು ಎಂದು ಟೀಚರ್ ಹೇಳಿದ್ದರಿಂದ ನಾನು ತಿರುಗಲಿಲ್ಲ. ಅತ್ತೆ ಬೇವಿನ ಸೊಪ್ಪು ಹಿಡಿದು ಮೆಟ್ಟಿಲು ಹತ್ತಿ ಬಂದರು. “ತಾಯೇ, ಯಾರಮ್ಮ ನೀನು? ಏನ್ ಬೇಕು ನಿಂಗೆ?” ನಾನು ಮೋಡದಂತೆ ತೇಲುತ್ತಿದ್ದೆ. ಮುನಿಲಕ್ಷ್ಮಿಯಕ್ಕ ಗೋಡೆಯಾಚೆಯಿಂದಲೇ ಕೈಮುಗಿದು, “ನನ್ ಮಗಳ್ಗೆ ಗಂಡು ಯಾವಾಗ್ ಕೂಡ್ಬರ್ತೈತೆ ತಾಯೇ?” ಎಂದರು. ಅಷ್ಟರಲ್ಲಿ ಫೋನಿನಿಂದ ಟೀಚರ್ ಇಂಗ್ಲಿಷಿನಲ್ಲಿ ಏನೋ ಅಂದರು. ವೇಣುವಿಗೆ ಹೇಗೆ ಹೇಳಿಕೊಡಲಿ ಎಂಬ ಧ್ಯಾನದಲ್ಲೇ ಇದ್ದ ನಾನು ಅದನ್ನು ಜೋರಾಗಿ ಕನ್ನಡ ಮಾಡಿದೆ: “ಬಲವಂತ ಮಾಡ್ಬೇಡಿ. ತಾನಾಗೇ ಬರುತ್ತೆ!”

ಮುನಿಲಕ್ಷ್ಮಿಯಕ್ಕ ಕರ್ಪೂರ ಹಚ್ಚಿದರು.

ಸಂಜೆ ಇಡೀ ಬೀದಿಗೆ ವಿವರಣೆ ಕೊಟ್ಟೆ. ಯಾರೂ ನಂಬಲಿಲ್ಲ. ಇಬ್ಬರು ನಿಂಬೆಹಣ್ಣು ಕೊಟ್ಟು ಹೋದರು.

ಜುಲೈ 13

ನೀರು ಬಂದಿದೆ. ನದಿ ಕೆಂಪಗೆ, ಬಂಡೆಗಳೇ ಕಾಣದ ಹಾಗೆ ಹರಿಯುತ್ತಿದೆ. ಬುಟ್ಟಿಯಂಥ ಪರಿಸಲು ದೋಣಿ ಓಡಿಸುವ ಹಾಗಿಲ್ಲ, ಸ್ನಾನವಿಲ್ಲ, ಆದ್ದರಿಂದ ಮಸಾಜೂ ಇಲ್ಲ. ಎಲ್ಲರೂ ತಲೆಯ ಮೇಲೆ ಕೈ ಹೊತ್ತಿದ್ದಾರೆ. ನಾನೊಬ್ಬಳೇ ಒಳಗೊಳಗೆ ಕಾವೇರಮ್ಮನಿಗೆ ಕೈ ಮುಗಿದೆ. ನಾನು ಹೇಳಿದ್ದರೆ ವೇಣು ರಜೆ ಹಾಕುತ್ತಿರಲಿಲ್ಲ, ಅವಳು ಹಾಕಿಸಿದಳು.

ವೇಣು ತಾರಸಿಗೆ ಬರುತ್ತಾನೆ. ಕಲಿಯುವುದು ಅವನು, ಬೆವರುವುದು, ಕೂಗುವುದು ನಾನು. “ಮಂಡಿ! ಮೊಣಕೈ! ಭುಜ ಕೆಳಗೆ! ಉಸಿರು!” ಮಾವ ಮೆಟ್ಟಿಲ ಮೇಲೆ ಕುಳಿತು ನೋಡುತ್ತಾರೆ. “ಇದೇನ್ಲಾ ಇದು, ನೀರೊಳ್ಗೆ ಎಮ್ಮೆ ನಡ್ದಂಗೆ? ಇದ್ರಾಗೆ ಮೈ ಒತ್ತುದ್ರೆ ಬಂದೋನು ನಿದ್ದೆ ಮಾಡ್ಬಿಡ್ತಾನೆ.”

“ಮಾವ, ಅದಕ್ಕೇ ತಾನೇ ಜನ ದುಡ್ಡು ಕೊಡೋದು?” ಎಂದೆ. ಅವರು ಸೊಟ್ಟ ಹೆಬ್ಬೆರಳಿನಿಂದ ಮೀಸೆ ತೀಡಲು ನೋಡಿ, ಆಗದೆ, ಅಂಗೈಯಿಂದ ಒರೆಸಿಕೊಂಡರು.

ಇವತ್ತಿನ ಪಾಠ ಇಬ್ಬರದು. ಎದುರು ಬದುರು ನಿಂತು ಮುಂಗೈಗೆ ಮುಂಗೈ ತಾಗಿಸಿ, ಎದುರಿನವರ ಭಾರ ಯಾವ ಕಡೆ ಹೋಗುತ್ತಿದೆ ಎಂದು ಕೈಯಿಂದಲೇ ಕೇಳಿಸಿಕೊಳ್ಳಬೇಕು. ತಳ್ಳಬಾರದು. ನಾನು ತಳ್ಳಿದೆ. ಸ್ವಲ್ಪವೇ, ಗೆಲ್ಲೋಣ ಅಂತ. ವೇಣು ಮೆಲ್ಲಗೆ ಜಾಗ ಬಿಟ್ಟ. ಒಣಹಾಕಿದ್ದ ಮೆಣಸಿನಕಾಯಿಯ ಮೇಲೆ ಅಂಗಾತ ಬಿದ್ದೆ. ಮತ್ತೆ ನಿಂತೆ, ಮತ್ತೆ ತಳ್ಳಿದೆ, ಮತ್ತೆ ಮೆಣಸಿನಕಾಯಿ. ಮಾವ ಈ ಮನೆಯಲ್ಲಿ ಇಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಈಗಲೂ ಬೆನ್ನು ಉರಿಯುತ್ತಿದೆ.

ಜುಲೈ 16

ನಾಳೆ ಆಡಿ ಮಾಸ, ತಮಿಳರ ಆಷಾಢ, ಹುಟ್ಟುತ್ತದೆ. ಹೊಸ ಸೊಸೆ ಅತ್ತೆಯ ಮನೆಯಲ್ಲಿರಬಾರದು, ತವರಿಗೆ ಹೋಗಬೇಕು. ಇಪ್ಪತ್ತೊಂದನೇ ಶತಮಾನ, ತೈ ಚಿ, ಮೆಡಿಕಲ್ ಕಾರಣ ಎಂದು ಏನೆಲ್ಲ ವಾದಿಸಿದೆ. ಅತ್ತೆ ಕೇಳಿ, “ಸರಿ ನನ್ ಕಣ್ಣು, ಸೀರೆ ಮಡ್ಚಿಟ್ಟಿದೀನಿ, ಬಸ್ ಬೆಳಗ್ಗೆ,” ಎಂದರು.

ನನಗೆ ಭಯ ಬೇರೆಯೇ. ವೇಣು ಹೇಳಿದ್ದಾನೆ: “ನೀರಿಳಿದ್ರೆ ಬಂಡೇಗ್ ಓಗ್ತೀನಿ. ಆಡಿ ಹದಿನೆಂಟರ ಹಬ್ಬಕ್ಕೆ ಜನ ಬರ್ತಾರೆ. ಎಬ್ಬೆಟ್ಟು ಕೇಳ್ದಿದ್ರೆ ನಂಗವಳ್ಳೀಲಿ ಚಿಕ್ಕಪ್ಪನ್ ತೋಟಕ್ಕೆ ಓಗೋದು. ಅಲ್ಲಿ ನೀರ್ ಕಟ್ಟಾಕೆ ಎಬ್ಬೆಟ್ಟು ಬೇಕಾಗಿಲ್ಲ.” ತಮಾಷೆಯಂತೆ ಹೇಳಿದ. ಆಮೇಲೆ ಎಣ್ಣೆ ಬಾಟಲಿಗಳನ್ನು ಒಂದೊಂದಾಗಿ ಒರೆಸಿ ಇಟ್ಟ. ಕೆಲಸ ಬಿಡುವವನು ಬಾಟಲಿ ಒರೆಸುತ್ತಾನೆಯೇ?

ನಾನಿಲ್ಲದಿದ್ದರೆ ಅವನು ಮಂಡಿ ಬಾಗಿಸುವುದಿಲ್ಲ. ಖಂಡಿತ ಬಾಗಿಸುವುದಿಲ್ಲ.

ಜುಲೈ 18, ಕಡಯಂಪಟ್ಟಿ

ವಿಡಿಯೋ ಕಾಲ್‌ನಲ್ಲಿ ಪಾಠ. ಅಲ್ಲಿ ಟ್ಯಾಂಕಿಗೆ ಒರಗಿಸಿದ ಅವನ ಫೋನು, ಇಲ್ಲಿ ತುಳಸಿಕಟ್ಟೆಗೆ ಒರಗಿಸಿದ ನನ್ನದು. ನನ್ನ ಗಂಟಲು ಹೋಗಿದೆ. ಅವನ ಸೊಂಟ ಮಾತ್ರ ಕಾಣುತ್ತಿತ್ತು. ಸೊಂಟಕ್ಕೇ ಬೈದೆ.

“ಮಗಳೇ, ಮಾಪಿಳ್ಳೈ ಏನ್ ಒಂದನೇ ಕ್ಲಾಸಾ?” ಎಂದಳು ಅಮ್ಮ, ಅಳಿಯನ ಪರವಾಗಿ.

ಜುಲೈ 21

ಕಾಲ್‌ನಲ್ಲಿ ವೇಣು ನಿಂತುಬಿಟ್ಟ. ಕೋಪವಿಲ್ಲ, ಅವನಿಗೆ ಕೋಪ ಬರುವುದೇ ಇಲ್ಲ. “ಸಂಗೀತಾ, ನೀನು ಉಸ್ರು ಉಸ್ರು ಅಂತೀಯಲ್ಲ, ಅದ್ನ ಕೇಳ್ಕೊಂಡು ಉಸ್ರಾಡಾದೇ ಮರ್ತ್‌ಓಗ್ತೀನಿ” ಎಂದ.

ಫೋನ್ ಕಟ್ ಮಾಡಿದೆ. ನಾನು ಯಾರಿಗಾಗಿ ಇಷ್ಟೆಲ್ಲ ಮಾಡುತ್ತಿದ್ದೇನೆ? ಯಾರ ಹೆಬ್ಬೆರಳಿಗಾಗಿ? ಯಾರ ಕಾಲಿಗಾಗಿ ಆ ಹೆಬ್ಬೆರಳು ಹೀಗಾದದ್ದು?

ಕೊನೆಯ ಪ್ರಶ್ನೆ ಬರೆಯುವಾಗ ತಾನಾಗಿಯೇ ಬಂತು. ಹೊಡೆದುಹಾಕೋಣವೆಂದುಕೊಂಡೆ. ಇರಲಿ.

ಜುಲೈ 22

ನಾನೇ ಕಾಲ್ ಮಾಡಿದೆ. “ಸಾಯಂಕಾಲ ನನ್ನ ಕಾಲು ಒತ್ತುವಾಗ ನೋಯ್ತಿತ್ತಾ?” ಎಂದು ಕೇಳಿದೆ.

ಅವನು ಫೋನನ್ನು ಬಲಗೈಯಿಂದ ಎಡಗೈಗೆ ಬದಲಿಸಿಕೊಂಡ.

“ನೀನು ನಗ್ತಿದ್ದೆ” ಎಂದ.

ಜುಲೈ 25

ಇಬ್ಬರೂ ಮಾಡಿದೆವು. ನೆಟ್‌ವರ್ಕ್ ಚೆನ್ನಾಗಿತ್ತು, ಆದರೂ ಏನೂ ಮಾತಾಡಲಿಲ್ಲ.

ಜುಲೈ 27

ಇವತ್ತೂ ಅಷ್ಟೇ. ಅವನ ಭಾರ ಎಡಗಾಲಿಗೆ ಹೋಗುವುದು ಇಲ್ಲಿಂದಲೇ ಗೊತ್ತಾಗುತ್ತದೆ.

ಜುಲೈ 30

ಅಮ್ಮನಿಗೆ ಬೆನ್ನು ನೋವು. ಮುಂಗೈ ಇಟ್ಟು, ಒಂದು ಕಾಲು ಹಿಂದಿಟ್ಟು, ಮೆಲ್ಲಗೆ ಒರಗಿದೆ. ಅಮ್ಮ, “ಯಾರೇ ನೀನು? ನನ್ನ ಮಗಳು ಬೆನ್ನು ಒತ್ತಿದರೆ ಹಿಟ್ಟು ನಾದಿದ ಹಾಗಿರ್ತಿತ್ತು” ಎಂದಳು. ಅವಮಾನವೋ ಮೆಚ್ಚುಗೆಯೋ ತಿಳಿಯುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ವೇಣುವಿನ ವರದಿ: ಮಾವ ಬೆಳಿಗ್ಗೆ ತಾರಸಿಯಲ್ಲಿ ಒಬ್ಬರೇ ಕೈ ತೇಲಿಸುತ್ತಿದ್ದರಂತೆ. ಏನಪ್ಪಾ ಎಂದು ಕೇಳಿದರೆ, “ಕಾಗೆ ಓಡುಸ್ತಿದೀನಿ ಕಣ್ಲಾ” ಎಂದರಂತೆ. ಅಷ್ಟು ನಿಧಾನಕ್ಕೆ ಓಡಿಸಿದರೆ ಯಾವ ಕಾಗೆ ಹೋಗುತ್ತದೆ? ನೀರು ಇಳಿಯುತ್ತಿದೆಯಂತೆ.

ಆಗಸ್ಟ್ 3, ಆಡಿ ಹದಿನೆಂಟು

ಹೊಸ ಮದುಮಕ್ಕಳು ಇವತ್ತು ನದಿಯ ದಡದಲ್ಲಿ ತಾಳಿಯ ಹಳೆಯ ದಾರ ತೆಗೆದು ಹೊಸ ದಾರ ಕಟ್ಟಿಕೊಳ್ಳಬೇಕು. ಅಪ್ಪ ಅಮ್ಮನ ಜೊತೆ ಹೊಗೆನಕಲ್‌ಗೆ ಬಂದೆ. ನಿನ್ನೆಯಿಂದ ಸ್ನಾನಕ್ಕೆ ಬಿಟ್ಟಿದ್ದಾರೆ, ಜನವೋ ಜನ. ಮುನಿಲಕ್ಷ್ಮಿಯಕ್ಕ ದಾರಿಯಲ್ಲೇ ಹಿಡಿದು ಬಾಯಿಗೆ ಲಾಡು ತುರುಕಿದರು. ಮಗಳಿಗೆ ಗಂಡು ಕೂಡಿ ಬಂದಿದೆಯಂತೆ, ತಾನಾಗೇ. ಅದು ಸಾಮಿಯಲ್ಲ, ಇಂಗ್ಲಿಷ್ ಟೀಚರ್ ಎಂದು ಹೇಳಬೇಕೆಂದುಕೊಂಡೆ. ಬಾಯಿ ತುಂಬ ಲಾಡು.

ದಡದಲ್ಲಿ ಅತ್ತೆ ಅರಿಶಿನದ ದಾರ ಹಿಡಿದು, “ತಂಗಮ್ಮ ಕಟ್ಲಿ ಬಿಡು” ಎಂದರು. ವೇಣು, “ಕೊಡಮ್ಮ” ಎಂದು ತಾನೇ ತೆಗೆದುಕೊಂಡ.

ನನ್ನ ಹಿಂದೆ ನಿಂತ. ದಾರ ಒದ್ದೆಯಾಗಿತ್ತು. ಮೊದಲ ಗಂಟು ಜಾರಿತು. ಯಾರೋ ನಕ್ಕರು. ಅತ್ತೆ, “ಬೇಗ ಆಗ್ಲಿ, ಇಂದೆ ಜನ ನಿಂತವ್ರೆ” ಎಂದರು. ಅವನು ನೆಲಕ್ಕೆ ಪಾದ ಊರಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಉಸಿರು ಬಿಟ್ಟ. ನನ್ನ ಮಂಡಿಯೂ ಹೇಗೋ ಸಡಿಲವಾಗಿತ್ತು. ಇನ್ನೊಮ್ಮೆ ಸುತ್ತಿದ. ದಾರ ಕುತ್ತಿಗೆಯ ಮೇಲೆ ತಣ್ಣಗೆ ಸರಿದು, ನಿಂತು, ಬಿಗಿಯಾಯಿತು. ಆಮೇಲೆ ಎರಡನೆಯದು. ಆಮೇಲೆ ಮೂರನೆಯದು. ಪರಿಸಲುಗಳು ಹೋಗಿ ಬಂದವು. ಬೆಟ್ಟ ಸವೆಯುವಷ್ಟು ಹೊತ್ತು ಹಿಡಿಯಿತು.

“ಈ ಹುಡುಗಿಗೆ ಜ್ವರವೇನಮ್ಮ? ಇಷ್ಟೊತ್ತಾದ್ರೂ ಒಂದ್ ಮಾತಿಲ್ಲ” ಎಂದು ಅತ್ತೆ ಅಮ್ಮನನ್ನು ಕೇಳಿದರು. ಲಾಡು ಅಂಟಿಕೊಂಡಿತ್ತು, ಅಷ್ಟೇ.

ಮಧ್ಯಾಹ್ನ ಈರೋಡಿನಿಂದ ಬಂದ ಒಬ್ಬ ದಪ್ಪ ಮನುಷ್ಯ ಮಸಾಜಿಗೆ ಮಲಗಿದ. ಮಾವ ದೂರದಲ್ಲಿ ನಿಂತು, ನೋಡದವರ ಹಾಗೆ ನೋಡುತ್ತಿದ್ದರು. ವೇಣು ಒಂದು ಕಾಲು ಹಿಂದಿಟ್ಟು, ಮುಂಗೈಯನ್ನು ಅವನ ಬೆನ್ನ ಮೇಲಿಟ್ಟು ನಿಧಾನವಾಗಿ ಒರಗಿದ.

“ಏನಪ್ಪಾ, ಹೆಬ್ಬೆರಳಲ್ಲಿ ಒತ್ತೋದಿಲ್ವಾ? ಹೊಗೆನಕಲ್ ಅಂದ್ರೆ ಅದೇ ಅಲ್ವಾ?” ಎಂದು ತಮಿಳಿನಲ್ಲಿ ಕೇಳಿದ ಆ ಮನುಷ್ಯ.

“ಎಬ್ಬೆಟ್ಟು ರಜದಲ್ಲೈತೆ ಸಾರ್. ಅದ್ರ ಅಣ್ಣ ಬಂದವ್ನೆ, ನೋಡಿ” ಎಂದ ವೇಣು.

ಸ್ವಲ್ಪ ಹೊತ್ತಿಗೆ ಆ ಮನುಷ್ಯನ ಬಾಯಿ ತೆರೆದುಕೊಂಡಿತು, ಗೊರಕೆ ಬಂತು. ಮಾವ ನನ್ನ ಹತ್ತಿರ ಬಂದು, “ನಾನಂದಿರ್‍ಲಿಲ್ವಾ, ಬಂದೋನು ನಿದ್ದೆ ಮಾಡ್ತಾನೆ ಅಂತ?” ಎಂದು ತಾವೇ ಕಂಡುಹಿಡಿದವರಂತೆ ಹೇಳಿ ಹೋದರು. ಆಮೇಲೆ ಇನ್ನಿಬ್ಬರು ಬಂದರು. ನಾಲ್ಕನೆಯವನನ್ನು ವೇಣು, “ನಾಳೆ ಬನ್ನಿ ಸಾರ್, ಇವತ್ತಿಗೆ ಸಾಕು” ಎಂದು ಕಳಿಸಿದ. ನಂಗವಳ್ಳಿಯ ಹೆಸರನ್ನು ಇವತ್ತು ಯಾರೂ ಎತ್ತಲಿಲ್ಲ.

ಸಂಜೆ ಅಪ್ಪ ಅಮ್ಮನ ಜೊತೆ ಬಸ್‌ಸ್ಟ್ಯಾಂಡಿಗೆ ಹೊರಟೆ. ಆಡಿ ಮುಗಿಯುವವರೆಗೂ ತವರೇ. ವೇಣು ಪಕ್ಕದಲ್ಲಿ ಬಂದ. “ಕಾಲ್ ನೋಯ್ತೈತಾ? ಬೆಳಗಿಂದ ನಿಂತೇ ಇದೀಯಲ್ಲ” ಎಂದ.

ನಿಜಕ್ಕೂ ನೋಯುತ್ತಿತ್ತು. “ಇಲ್ಲ” ಎಂದೆ.

ಅವನು ನಕ್ಕು, ಜೇಬಿನಿಂದ ಕೈ ತೆಗೆದು ನನ್ನ ಕೈ ಹಿಡಿದ. ನಾಲ್ಕೇ ಬೆರಳಲ್ಲಿ. ಪಟ್ಟಿ ಕಟ್ಟಿದ ಹೆಬ್ಬೆರಳು ನೆಟ್ಟಗೆ ಹೊರಗೆ ನಿಂತು ದಾರಿಯಲ್ಲಿ ಬಂದವರಿಗೆಲ್ಲ ‘ಓಕೆ, ಓಕೆ’ ಎನ್ನುತ್ತಿತ್ತು. ಮೀನು ಫ್ರೈ ಅಂಗಡಿಯ ಹೆಂಗಸೂ ತನ್ನ ಹೆಬ್ಬೆರಳು ಎತ್ತಿ ತೋರಿಸಿದಳು. ನಾಚಿಕೆಯಿಂದ ಸಾಯುವ ಹಾಗಾಯಿತು.

ಬಸ್ ಬರುವವರೆಗೂ ಬಿಡಲಿಲ್ಲ. ನಾನು ಎಳೆಯಲೂ ಇಲ್ಲ.